ಏಳು ಹನ್ನೆರಡರ ಗೆಳೆಯರು

ಸೋಮವಾರ ಬೆಳಗ್ಗೆ ಏಳು ದಾಟಿ ಐದು ನಿಮಿಷಕ್ಕೆ, ಪಿಂಡ್ಲಿ ಹೀತ್ ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಹೆಂಗಸು "ಗುಡ್ ಮಾರ್ನಿಂಗ್" ಎಂದುಬಿಟ್ಟಳು. ಅದೂ ಗಟ್ಟಿಯಾಗಿ, ಗುರುತಿಲ್ಲದವರಿಗೆ. ಸ್ಟೇಷನ್ ಕಟ್ಟಿ ನೂರಾ ಮೂವತ್ತು ವರ್ಷವಾಗಿತ್ತು. ಎರಡು ಮಹಾಯುದ್ಧಗಳಲ್ಲೂ ಅಲ್ಲಿ ಇಂಥದ್ದು ನಡೆದಿರಲಿಲ್ಲ. ಬಾಂಬು ಬಿದ್ದ ದಿನವೂ ಜನ ಕೋಟಿನ ಧೂಳು ಕೊಡವಿಕೊಂಡು ಮುಂದಿನ ರೈಲಿಗೆ ಸುಮ್ಮನೆ ಕಾದಿದ್ದರು. ಈಗ ಸೂರಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೇ ಎದ್ದು ಲಂಡನ್ ಕಡೆ ಹಾರಿಹೋದವು.

ನೈಜೆಲ್ ಹೆಬ್ಡನ್ ಕಣ್ಣು ತೆರೆದ. ಎರಡನೇ ದೀಪದ ಕಂಬಕ್ಕೆ ಒರಗಿ ನಿಂತಲ್ಲೇ ನಿದ್ದೆ ಹೊಡೆಯುವುದು ಅವನಿಗೆ ಹತ್ತೊಂಬತ್ತು ವರ್ಷದ ರೂಢಿ. ಆ ಊರು ಮೊದಲು ಬರೀ ಟರ್ನಿಪ್ ಗೆಡ್ಡೆಯ ಹೊಲವಂತೆ. ರೈಲಿನವರು ಬಂದು ಸ್ಟೇಷನ್ ಕಟ್ಟಿದರು. ಆಮೇಲೆ ರೈಲು ತುಂಬಿಸಲಿಕ್ಕೆಂದು ಊರು ಕಟ್ಟಿದರು. ನಾಲ್ಕು ಸಾವಿರ ಮನೆ, ಎಲ್ಲವೂ ಒಂದೇ ಅಚ್ಚು. ಸಂಜೆ ದಣಿದು ಬಂದ ಗಂಡಸರು ಪಕ್ಕದ ಮನೆಗೆ ನುಗ್ಗಿ, ಊಟ ಮುಗಿಸಿ, ಪುಡ್ಡಿಂಗ್ ರುಚಿ ಬೇರೆಯಾಗಿದೆಯಲ್ಲ ಎಂದು ಎದ್ದು ಬಂದದ್ದುಂಟು. ಆದರೆ ಮನೆ ತಪ್ಪಿದರೂ ಪ್ಲಾಟ್‌ಫಾರ್ಮಿನ ಜಾಗ ಯಾರಿಗೂ ತಪ್ಪುತ್ತಿರಲಿಲ್ಲ. ರೈಲಿನ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೋ ಅಲ್ಲೇ ಒಬ್ಬೊಬ್ಬರೂ ನಿಂತೂ ನಿಂತೂ, ಕಾಂಕ್ರೀಟಿನಲ್ಲಿ ಹಂಡೆಯಷ್ಟು ಗುಳಿ ಬಿದ್ದಿತ್ತು.

ನೈಜೆಲನ ಎಡಗಡೆ ಗುಳಿ ಕಂದು ರೇನ್‌ಕೋಟಿನವರದು. ಬುಧವಾರದಿಂದ ಅದು ಖಾಲಿ. ಅವರ ಹೆಸರು ಅವನಿಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಇಬ್ಬರ ನಡುವೆ ನಡೆದ ಮಾತು ಒಂದೇ: ಒಮ್ಮೆ ನೈಜೆಲ್ ಸೀನಿದಾಗ ಅವರು "ಕ್ಷಮಿಸಿ" ಎಂದಿದ್ದರು.

ಕಪ್ಪು ಕೋಟಿನ ಆ ಹೆಂಗಸು ಸೀದಾ ಬಂದು ಆ ಖಾಲಿ ಜಾಗದಲ್ಲೇ ನಿಂತಳು. ನೈಜೆಲನ ಕೈ ಹಿಡಿದುಕೊಂಡಳು.

"ಎರಡನೇ ಕಂಬ. ಅಂದ್ರೆ ನೀವೇ ಬರ್ನಾರ್ಡ್. ನಾನು ಮ್ಯೂರಿಯಲ್, ನಿಮ್ಮ ರಾಡ್ನಿ ಹೆಂಡ್ತಿ. ನಮ್ಮವರು ಹೋಗ್ಬಿಟ್ರು ಕಣ್ರೀ. ಮಂಗಳವಾರ ಮಲಗಿದವರು ಬುಧವಾರ ಏಳಲಿಲ್ಲ."

ನಾನು ಬರ್ನಾರ್ಡ್ ಅಲ್ಲ ಎನ್ನಲು ನೈಜೆಲ್ ಬಾಯಿ ತೆರೆದ. ಆಕೆ ಬಿಡಲಿಲ್ಲ.

"ನಿಮ್ಮ ಮುನ್ನೂರು ಕಿಲೋ ಕುಂಬಳಕಾಯಿ ಕಥೆ ಎಷ್ಟು ಸಲ ಹೇಳಿದ್ರೋ. ಅದನ್ನ ಆಚೆ ತರೋಕೆ ಹಿತ್ತಲ ಗೋಡೆ ಒಡೆಸಿದ್ರಂತಲ್ಲ." ನೈಜೆಲನ ಮನೆಗೆ ಹಿತ್ತಲೇ ಇರಲಿಲ್ಲ, ಮುಂದೆ ಕಾರು ನಿಲ್ಲುವಷ್ಟು ಸಿಮೆಂಟು, ಅಷ್ಟೇ. ಆಕೆ ಅವನ ಬಲಗಡೆ ಪದಬಂಧ ಬಿಡಿಸುತ್ತಿದ್ದ ಹೆಂಗಸಿನತ್ತ ತಿರುಗಿದಳು. "ಡಾಫ್ನಿ ನೀವೇ ತಾನೆ? ಸರ್ಕಸ್ಸಲ್ಲಿ ಹಗ್ಗದ ಮೇಲೆ ನಡೀತಿದ್ದವರು?"

ಎಸ್ಕಲೇಟರ್ ಕಂಡರೆ ಕಣ್ಣು ಮುಚ್ಚಿಕೊಳ್ಳುವ ಆ ಹೆಂಗಸು ಪೇಪರಿನಿಂದ ತಲೆಯೆತ್ತಿ, ನೀವೇ ಏನಾದರೂ ಮಾಡಿ ಎಂಬಂತೆ ನೈಜೆಲನ ಕಡೆ ನೋಡಿದಳು.

"ದಿನಾ ಸಂಜೆ ಬಂದ ತಕ್ಷಣ ಕೇಳ್ತಿದ್ದೆ, ಇವತ್ತೇನ್ರೀ ವಿಶೇಷ ಅಂತ," ಮ್ಯೂರಿಯಲ್ ಹೇಳಿದಳು. "ಒಂದು ದಿನಾನೂ ಏನಿಲ್ಲ ಅಂದವರಲ್ಲ."

ನೈಜೆಲನ ಹೆಂಡತಿಯೂ ಅದನ್ನೇ ಕೇಳುತ್ತಿದ್ದಳು. ಅವನು "ಏನಿಲ್ಲ" ಎನ್ನುತ್ತಿದ್ದ. ಕೋಟು ಕಳಚುವಷ್ಟರಲ್ಲಿ ಅವನ ಬಳಿ ಉಳಿಯುತ್ತಿದ್ದದ್ದು ಆ ಒಂದು ಮಾತಿನಷ್ಟು ಉಸಿರು. ಈಚೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು.

"ಒಂದು ಕೇಳ್ಲಾ ಬರ್ನಾರ್ಡ್?" ಆಕೆಯ ದನಿ ತಗ್ಗಿತು. "ನಿಮ್ಮೆಲ್ಲರ ವಿಷಯ ನನಗೆ ಹೇಳ್ತಿದ್ರು. ನನ್ನ ವಿಷಯ ನಿಮ್ಮ ಹತ್ರ ಏನಾದ್ರೂ ಹೇಳ್ತಿದ್ರಾ?"

ರೈಲಿಗೆ ಇನ್ನೂ ಮೂರು ನಿಮಿಷವಿತ್ತು. ನಿಜ ಹೇಳಿದರೆ ಆಕೆಯ ಹತ್ತೊಂಬತ್ತು ವರ್ಷದ ಸಂಜೆಗಳೆಲ್ಲ ಹಳಿಯ ಮೇಲೆ ಬಿದ್ದು ಹೋಗುತ್ತವೆ. ಸುಳ್ಳು ಹೇಳೋಣವೆಂದರೆ ಅದಕ್ಕೂ ಒಂದಿಷ್ಟು ತ್ರಾಣ ಬೇಕು. ನೈಜೆಲನ ತ್ರಾಣ ಹಿಂದಿನ ಶತಮಾನದಲ್ಲೇ ಮುಗಿದಿತ್ತು.

"ದಿನಾ," ಅಂದ. "ಕೇಳಿ ಕೇಳಿ ನಮಗೆ ಸಾಕುಸಾಕಾಗಿತ್ತು."

"ಏನಂತ?"

ಅಷ್ಟು ದೂರ ಅವನು ಯೋಚಿಸಿರಲಿಲ್ಲ. ಪದಬಂಧದ ಹೆಂಗಸು ಪೆನ್ನಿಗೆ ಮುಚ್ಚಳ ಹಾಕಿದಳು. "ನಿಮ್ಮ ಆಪಲ್ ಪೈ," ಅಂದಳು. "ಅಂಥದ್ದು ಇಡೀ ಇಂಗ್ಲೆಂಡಲ್ಲೇ ಇಲ್ಲ ಅಂತಿದ್ರು."

"ಸೋಮವಾರ ಬಂತು ಅಂದ್ರೆ ಒಂದು ತುಂಡು ಡಬ್ಬೀಲಿ ತರೋರು," ನೈಜೆಲ್ ಸೇರಿಸಿದ. "ನಮಗೆ ಕೊಟ್ರೆ ಕೇಳಿ. ತೋರಿಸಿ ತೋರಿಸಿ ತಿನ್ನೋರು."

ಮ್ಯೂರಿಯಲ್ ಇಬ್ಬರ ಮುಖವನ್ನೂ ನೋಡಿದಳು. "ನಾನು ಜನ್ಮದಲ್ಲಿ ಒಂದು ಪೈ ಮಾಡಿಲ್ಲ," ಅಂದಳು. "ನಮ್ಮನೇಲಿ ಅಡುಗೆ ಎಲ್ಲಾ ಅವರದ್ದೇ."

ನೈಜೆಲ್ ತನ್ನ ಬೂಟುಗಳನ್ನು ನೋಡಿಕೊಂಡ. ದೂರದಲ್ಲಿ ಹಳಿ ಗುಂಯ್‌ಗುಟ್ಟತೊಡಗಿತು. "ಮೇಡಂ, ನಿಜ ಹೇಳ್ಬೇಕಂದ್ರೆ, ನಾವು..."

"ಬೇಡ ಬರ್ನಾರ್ಡ್, ಹೇಳ್ಬೇಡಿ." ಆಕೆ ಕೈವಸ್ತ್ರದಿಂದ ಮೂಗು ಒರೆಸಿಕೊಂಡಳು. "ಆ ತೋರಿಸಿ ತಿನ್ನೋದು ಚೆನ್ನಾಗಿತ್ತು. ಅವರೇ ಕೂತು ಹೇಳಿದ ಹಾಗಿತ್ತು."

ಏಳು ಹನ್ನೆರಡರ ರೈಲು ಬಂತು. ಬಾಗಿಲು ಕೂದಲೆಳೆಯಷ್ಟೂ ತಪ್ಪದೆ ನೈಜೆಲನ ಮೂಗಿನ ಎದುರಿಗೇ ತೆರೆದುಕೊಂಡಿತು. ಒಂದು ಕಾಲು ಒಳಗಿಟ್ಟವನ ತೋಳನ್ನು ಆಕೆ ಹಿಡಿದು ನಿಲ್ಲಿಸಿದಳು.

"ಗುರುವಾರ ಹನ್ನೊಂದು ಗಂಟೆಗೆ ಮಣ್ಣು ಮಾಡ್ತೀವಿ, ಗುಡ್ಡದ ಮೇಲಿನ ಚರ್ಚಲ್ಲಿ. ನಮ್ಮವರಿಗೆ ಒಬ್ಬ ಸ್ನೇಹಿತನೂ ಇರಲಿಲ್ಲ ಅಂತಾಳೆ ನನ್ನ ನಾದಿನಿ. ನೀವ್ಯಾರೂ ಏನೂ ಮಾತಾಡಬೇಕಿಲ್ಲ. ಬಂದು ಇದೇ ಸಾಲಲ್ಲಿ, ಹೀಗೇ ನಿಂತ್ಕೊಳ್ಳಿ. ಯಾರು ಯಾರು ಅಂತ ಅವಳಿಗೆ ತೋರಿಸ್ಬೇಕು."