"ಕಾಯಿಲೆ ಇಲ್ಲ ಅಂತ್ಲೇ ಹಾಕ್ಕೋಮ್ಮ..."

"ಏನಾದ್ರೂ ಕಾಯಿಲೆ ಇದೆಯಾ ಆಂಟಿ? ಶುಗರ್, ಬಿಪಿ, ಹಾರ್ಟ್, ಕಿಡ್ನಿ...?"

ಮೈಸೂರಿನ ಒಂದು ಪುಟ್ಟ ಟ್ರಾವೆಲ್ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಚೈತನ್ಯಾ ಕೇಳಿದಳು. ಶ್ರೀಲಂಕಾ ಟೂರಿಗೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಲು ಬಂದ ಎಲ್ಲರಿಗೂ ಅವಳು ಕೇಳುತ್ತಿದ್ದ ಪ್ರಶ್ನೆ ಅದು.

"ಏನೂ ಇಲ್ಲ. ಇಲ್ಲ ಅಂತ್ಲೇ ಹಾಕ್ಕೋಮ್ಮ..." ಎಂದರು ಅಂಬುಜಮ್ಮ.

ನಗುತ್ತಲೇ ಹೇಳಿದರು. ಆದರೆ ಕೈ ಮಾತ್ರ ತಾನಾಗಿಯೇ ಸೆರಗನ್ನು ಎಡತೋಳಿನ ಮೇಲೆ ಎಳೆದುಕೊಂಡಿತು.

ಅವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ವರ್ಷಗಳಾಗಿದ್ದವು...

ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುಡಿಯುವ ನೀರಿಗೂ ಅಳತೆ. ಹಣ್ಣಿಗೂ ಪಥ್ಯ, ಮಾವಿನಹಣ್ಣಿನ ಗಾಡಿ ಕಂಡರೆ ಮುಖ ತಿರುಗಿಸಿಕೊಂಡು ನಡೆಯಬೇಕು.

ಆಸ್ಪತ್ರೆಯಲ್ಲಿ ಪಕ್ಕದ ಬೆಡ್ಡಿಗೆ ಲಿಲ್ಲಿ ಟೀಚರ್ ಬರುತ್ತಿದ್ದರು. "ಅಂಬುಜಾ, ಮುಂದಿನ ವರ್ಷ ನಾವಿಬ್ರೂ ಫಾರಿನ್‌ಗೆ ಹೋಗೋಣ ಕಣೆ. ಈ ಮೆಷಿನ್ ಮುಖ ನೋಡಿ ನೋಡಿ ಸಾಕಾಗಿದೆ" ಎನ್ನುತ್ತಿದ್ದರು.

ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿದರು. ಅದರಲ್ಲಿನ ತಮ್ಮ ಫೋಟೋ ನೋಡಿ ನಕ್ಕಿದ್ದೇ ನಕ್ಕಿದ್ದು.

ಒಂದು ಮಂಗಳವಾರ ಆ ಬೆಡ್ ಖಾಲಿ ಇತ್ತು...

ನರ್ಸ್ ಬೆಡ್‌ಶೀಟ್ ಬದಲಾಯಿಸುತ್ತಿದ್ದಳು. ಲಿಲ್ಲಿ ಟೀಚರ್ ಏನಾದರು ಎಂದು ಅಂಬುಜಮ್ಮ ಕೇಳುವ ಅಗತ್ಯವೇ ಇರಲಿಲ್ಲ.

ಅವತ್ತಿನಿಂದ "ಮುಂದಿನ ವರ್ಷ" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅಂಬುಜಮ್ಮ ಎದ್ದು ಆಚೆ ಹೋಗುತ್ತಿದ್ದರು. ಬಡಾವಣೆಯ ಮಹಿಳಾ ಸಮಾಜದವರು ಒಂದು ವಾರ ಶ್ರೀಲಂಕಾಗೆ ಹೊರಟಿದ್ದಾರೆ ಎಂದು ತಿಳಿದದ್ದೇ ತಡ, ಹೆಸರು ಕೊಟ್ಟುಬಿಟ್ಟರು.

ಗಂಡ ಪುಟ್ಟಸ್ವಾಮಿಯವರಿಗೆ, "ಅಲ್ಲೇ ಡಯಾಲಿಸಿಸ್ ಮಾಡ್ತಾರಂತೆ, ಡಾಕ್ಟ್ರೂ ಒಪ್ಪಿದ್ದಾರೆ" ಎಂದರು. ಡಾಕ್ಟರಿಗೆ ವಿಷಯವನ್ನೇ ತಿಳಿಸಲಿಲ್ಲ.

ವಾರವಿಡೀ ಡಯಾಲಿಸಿಸ್ ತಪ್ಪಿಸುವುದು... ಗಂಟಲು ಒಣಗಿದರೆ ಬಾಯಿ ಮುಕ್ಕಳಿಸಿ ಉಗಿಯುವುದು... ಇದು ಅವರ ಪ್ಲಾನ್. ಕಾಲು ಊದಿಕೊಂಡೀತು ಎಂದು ಹೊಸ ಶೂಗಳನ್ನೂ ಒಂದು ಸೈಜ್ ದೊಡ್ಡದಾಗಿಯೇ ತಂದಿಟ್ಟಿದ್ದರು.

ಅಲ್ಲೇ ಏನಾದರೂ ಆಗಿಬಿಟ್ಟರೆ?

ಆಗಲಿ... ಆ ಬೆಡ್ ಮೇಲೆ ಕಣ್ಣು ಮುಚ್ಚುವ ಬದಲು ಒಮ್ಮೆ ಸಮುದ್ರ ನೋಡಿ ಮುಚ್ಚಿದರಾಯಿತು.

"ಆಯ್ತು ಆಂಟಿ, ಪಾಲಿಸಿ ಮೊಬೈಲ್‌ಗೆ ಬರುತ್ತೆ" ಎಂದಳು ಚೈತನ್ಯಾ.

ಅಂಬುಜಮ್ಮ ಎದ್ದರು. ಕಣ್ಣು ಕತ್ತಲೆ ಬಂತು. ಚೈತನ್ಯಾ ಓಡಿಬಂದು ಅವರ ಎಡತೋಳನ್ನು ಹಿಡಿದುಕೊಂಡಳು.

ಉದ್ದ ತೋಳಿನ ರವಿಕೆಯ ಕೆಳಗೆ, ಉಬ್ಬಿದ ರಕ್ತನಾಳ ಜುಮ್... ಜುಮ್... ಎಂದು ಮಿಡಿಯುತ್ತಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಜೋಡಿಸಿದ ನಾಳ ಅದು.

ಅವಳು ಕೈ ತೆಗೆಯಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತು.

"ಆಂಟಿ... ನೀವು ಡಯಾಲಿಸಿಸ್ ಮಾಡಿಸ್ಕೊಳ್ತಿದೀರಾ?"

ಅಂಬುಜಮ್ಮ ಎರಡೂ ಕೈ ಜೋಡಿಸಿಬಿಟ್ಟರು. "ನಿನ್ ದಮ್ಮಯ್ಯ ಅಂತೀನಿ ಮಗಳೇ, ಯಾರ್ಗೂ ಹೇಳ್ಬೇಡ. ನಂಗೆ ಮುಂದಿನ ವರ್ಷ ಅನ್ನೋದು ಇಲ್ಲ. ಇದೊಂದ್ಸಲ ಹೋಗೋಕೆ ಬಿಟ್ಬಿಡು..."

ಚೈತನ್ಯಾ ಅವರನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಕೂತಳು.

"ನಮ್ಮಮ್ಮಂಗೂ ಕೈಯಲ್ಲಿ ಇಂಥದ್ದೇ ನಾಳ ಇತ್ತು ಆಂಟಿ. ದಿನಾ ಅದ್ರ ಮೇಲೆ ಕೈ ಇಟ್ಕೊಂಡೇ ಮಲಗ್ತಿದ್ದೆ. ಜುಮ್ ಅಂತಿದ್ರೆ ಅಮ್ಮ ಇದ್ದಾರೆ ಅಂತ ಧೈರ್ಯ..." ಎಂದವಳು ಮತ್ತೆ ಮುಂದುವರಿಸಿದಳು.

"ನನ್ನ ನಿಶ್ಚಿತಾರ್ಥದ ವಾರ ಅಮ್ಮ ಆಸ್ಪತ್ರೆಗೆ ಹೋಗ್ಲಿಲ್ಲ. ಡಾಕ್ಟ್ರು ಡೇಟ್ ಬದಲಾಯಿಸಿದ್ದಾರೆ ಅಂತ ನಮಗೆಲ್ಲ ಸುಳ್ಳು ಹೇಳಿದ್ರು. ಮನೆ ತುಂಬಾ ನೆಂಟ್ರು, ತನ್ನಿಂದ ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ. ಫೋಟೋದಲ್ಲೆಲ್ಲ ನಗ್ತಾ ಇದ್ದಾರೆ..."

ಅವಳು ಕಣ್ಣೊರೆಸಿಕೊಂಡಳು.

"ನಿಶ್ಚಿತಾರ್ಥದ ಮಾರನೇ ದಿನ ಎದ್ದು ಕೈ ಮುಟ್ಟಿ ನೋಡ್ದೆ... ಜುಮ್ ಅನ್ಲಿಲ್ಲ ಆಂಟಿ."

ಅಂಬುಜಮ್ಮ ಕುರ್ಚಿಯಿಂದ ಅವಳತ್ತ ಬಾಗಿದರು.

"ಒಂದು ಮಾತು ಹೇಳಿದ್ರೆ ನಿಶ್ಚಿತಾರ್ಥಾನೇ ಮುಂದಕ್ಕೆ ಹಾಕ್ತಿದ್ವಿ. ಅಮ್ಮ ನಮಗೆ ಆ ಅವಕಾಶಾನೇ ಕೊಡ್ಲಿಲ್ಲ..."

ಅಂಬುಜಮ್ಮ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಇಬ್ಬರೂ ಅತ್ತರು... ಲಿಲ್ಲಿ ಟೀಚರ್ ಹೋದಾಗಲೂ ಬಾರದಿದ್ದ ಅಳು ಅವತ್ತು ಬಂತು.

ಆಮೇಲೆ ಅವರೇ ಗಂಡನಿಗೆ ಫೋನ್ ಮಾಡಿದರು.

ಪುಟ್ಟಸ್ವಾಮಿ ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದರು. ಹೆಂಡತಿ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ನಿಂತೇ ಇದ್ದರು.

"ನೀರೂ ಕುಡೀದೆ ಇರ್ತಿದ್ಯಾ? ಅಲ್ಲೇನಾದ್ರೂ ಆಗಿದ್ರೆ... ಬೆಳಿಗ್ಗೆ ಎದ್ದು ನಾನು ಯಾರಿಗೆ ಕಾಫಿ ಸೋಸ್ಲಿ, ಹೇಳು?"

"ಹೇಳಿದ್ರೆ ನೀವು ಬೇಡ ಅಂತಿದ್ರಿ..."

"ಬೇಡ ಅಂತಿದ್ದೆ. ಬೈತಿದ್ದೆ. ಆಮೇಲೆ ನಾನೂ ಬ್ಯಾಗ್ ತುಂಬ್ಕೊಂಡು ಹೊರಡ್ತಿದ್ದೆ ಕಣೇ!"

ಚೈತನ್ಯಾ ಮೊದಲಿನ ಪಾಲಿಸಿ ರದ್ದು ಮಾಡಿ, ಹೊಸ ಅರ್ಜಿಯಲ್ಲಿ "ಇಲ್ಲ" ಎಂದಿದ್ದಲ್ಲಿ "ಇದೆ" ಎಂದು ಹಾಕಿದಳು. ಒಂದು ಇನ್ಶೂರೆನ್ಸ್ ಕಂಪನಿ ಆಗಲ್ಲ ಎಂದಿತು. ಇನ್ನೊಂದೂ ಅಷ್ಟೇ. ಕೊನೆಗೆ ಒಂದು ಕಂಪನಿಯವರು, ಕಿಡ್ನಿ ಚಿಕಿತ್ಸೆಯ ಖರ್ಚು ನಿಮ್ಮದೇ, ಉಳಿದದ್ದಕ್ಕೆ ಪಾಲಿಸಿ ಕೊಡುತ್ತೇವೆ ಎಂದರು.

ಡಾಕ್ಟರ್ ಚೆನ್ನಾಗಿಯೇ ಬೈದರು. ಬೈದು, ಕೊಲಂಬೊದ ಆಸ್ಪತ್ರೆಯೊಂದಕ್ಕೆ ತಾವೇ ಮಾತಾಡಿ ಡಯಾಲಿಸಿಸ್‌ಗೆ ಸಮಯ ಗೊತ್ತು ಮಾಡಿಕೊಟ್ಟರು.

ಮಹಿಳಾ ಸಮಾಜದವರು ಅಷ್ಟರಲ್ಲಿ ಹೋಗಿ ಬಂದಾಗಿತ್ತು. ಗಂಡ ಹೆಂಡತಿ ಇಬ್ಬರೇ ಹೊರಟರು... ವಾರವಲ್ಲ, ಕೆಲವೇ ದಿನ.

ಕೊಲಂಬೊದಲ್ಲಿ ಬೆಳಿಗ್ಗೆ ಡಯಾಲಿಸಿಸ್ ಮುಗಿಸಿ, ಮಧ್ಯಾಹ್ನ ನಿದ್ದೆ ಮಾಡಿ, ಸಂಜೆ ಸಮುದ್ರದ ದಂಡೆಗೆ ಬಂದರು. ಒಂದು ಅಲೆ ಬಂದು ಪಾದ ತೋಯಿಸಿತು. ಅಂಬುಜಮ್ಮ ಮಗುವಿನಂತೆ ಕೂಗಿ, ಚೈತನ್ಯಾಗೆ ವಿಡಿಯೋ ಕಾಲ್ ಮಾಡಿದರು.

"ನೋಡು ಮಗಳೇ, ನೋಡು... ಎಷ್ಟು ದೊಡ್ಡದು!" ಎಂದು ಫೋನನ್ನು ಸಮುದ್ರದ ಕಡೆ ಹಿಡಿದರು.



ಆ ಕಡೆಯಿಂದ ಚೈತನ್ಯಾಳ ಅಳುವ ದನಿ ಕೇಳಿಸಿತು... "ಸಮುದ್ರ ಬೇಡ ಆಂಟಿ... ನಿಮ್ಮ ಮುಖ ತೋರ್ಸಿ."

🙏

*ನೋವನ್ನು ಮುಚ್ಚಿಟ್ಟಾಗ ನಮ್ಮವರ ಚಿಂತೆ ತಪ್ಪುವುದಿಲ್ಲ... ನಮ್ಮ ಜೊತೆ ನಿಲ್ಲುವ ಅವಕಾಶ ಮಾತ್ರ ಅವರಿಗೆ ತಪ್ಪಿಹೋಗುತ್ತದೆ.*

ಇವತ್ತು ನಿಮ್ಮ ಮನೆಯಲ್ಲಿ ಯಾರಾದರೂ "ನನಗೇನೂ ಇಲ್ಲ" ಎಂದು ನಕ್ಕರೆ... ಅವರ ಪಕ್ಕ ಕೂತು, ಕೈ ಹಿಡಿದು, ಇನ್ನೊಂದು ಸಲ ಕೇಳುತ್ತೀರಾ?