ಮನುಷ್ಯನ ಜಾಗ

“ಕೋತಿ ಎಡಗಡೆ ತುದೀಲಿರ್ಲಿ, ಬಲಗಡೆ ತುದೀಲಿ ನಾನು. ಮಧ್ಯ ನಮ್ ಹುಡುಗ್ರು ಒಬ್ಬೊಬ್ರಾಗಿ ಬಾಲ ಉದುರಿಸ್ಕೊಂಡು ಎದ್ದು ನಿಲ್ತಾ ಬರ್ಲಿ,” ಎಂದು ಬೈರಪ್ಪ ಗುರುದೇವಿಯ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. “ಕೆಳಗಡೆ ದಪ್ಪಕ್ಷರದಲ್ಲಿ ಹಾಕಮ್ಮ: ಬಲಿಷ್ಠನಿಗೇ ಉಳಿವು, ಬಲಿಷ್ಠನಿಗೇ ವಾರ್ಡು. ಇಂತಿ ಡಾರ್ವಿನ್.”

ಕಾಮಾಕ್ಷಿಪಾಳ್ಯದ ಆ ಫ್ಲೆಕ್ಸ್ ಅಂಗಡಿಯಲ್ಲಿ ಗುರುದೇವಿ ಡಿಸೈನರ್. ಓದಿದ್ದು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಧೋಳದಿಂದ ಬಂದು ಎರಡು ವರ್ಷವಾಗಿತ್ತು, ಆ ಪದವಿ ಒಂದು ದಿನವೂ ಉಪಯೋಗಕ್ಕೆ ಬಂದಿರಲಿಲ್ಲ. ಈಗ ಸುಂಕದಕಟ್ಟೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತ್ತು. ನೇಮಕದ ಆದೇಶ ಟೈಪಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲು ಶಾಲೆಯ ಅಧ್ಯಕ್ಷರ ಸಹಿಯೊಂದೇ ಬಾಕಿ. ಆ ಅಧ್ಯಕ್ಷರು ವಾರ್ಡ್ ಚುನಾವಣೆಗೆ ನಿಂತಿದ್ದ ಇದೇ ಬೈರಪ್ಪ. ಆದೇಶ ಅವರ ಅಂಗಿಯ ಜೇಬಿನಿಂದ ಅರ್ಧ ಇಣುಕುತ್ತಿತ್ತು.

ಆದರೂ ಓದಿದ ನಾಲಿಗೆ ಸುಮ್ಮನಿರಬೇಕಲ್ಲ. “ಹಂಗಲ್ರೀ ಸರ. ಮಂಗ್ಯಾನಿಂದ ಮನುಷ್ಯಾ ಬಂದಿಲ್ರೀ. ಇಬ್ಬರಿಗೂ ಮುತ್ತಜ್ಜ ಒಬ್ಬಾಂವ. ಅದು ಸಾಲಲ್ರೀ, ಗಿಡದ ಟೊಂಗಿ ಇದ್ದಂಗ.”

“ಟೊಂಗೆ ಗಿಂಗೆ ಬೇಡಮ್ಮ. ಟೊಂಗೆ ಅಂದ್ರೆ ಎಲ್ರಿಗೂ ಜಾಗ ಕೊಡ್ಬೇಕಾಗುತ್ತೆ. ಸಾಲು ಅಂದ್ರೆ ಕೊನೇಲಿ ಒಬ್ನೇ.” ಬೈರಪ್ಪ ಜೇಬಿನ ಕಾಗದವನ್ನು ಪೂರ್ತಿ ಒಳಕ್ಕೆ ತುರುಕಿದರು. “ಎದುರು ಪಕ್ಷದ ವೆಂಕಟಗಿರಿ ಏನ್ ಹಾಕ್ಸಿದಾನೆ ನೋಡಿಲ್ವಾ? ಇರುವೆಗಳು ಬೆಲ್ಲದಚ್ಚು ಹೊತ್ಕೊಂಡು ಹೋಗ್ತಿವೆ. ‘ಹಂಚಿ ತಿನ್ನುವುದೇ ವಿಕಾಸ, ಇಂತಿ ಡಾರ್ವಿನ್’ ಅಂತೆ. ಮುಂದಿನ ದಪ್ಪ ಇರುವೆಗೆ ಅವನದೇ ಮುಖ. ಅವನಿಗೊಬ್ಬ ಡಾರ್ವಿನ್ ಇದ್ರೆ ನನಗೊಬ್ಬ ಬೇಡ್ವಾ?”

ಗುರುದೇವಿ ಮತ್ತೆ ಮೌಸ್ ಹಿಡಿದಳು. ಹುಡುಗರ ನಾಲ್ಕು ಮುಖ ಕತ್ತರಿಸಿ ಕೂರಿಸುವಷ್ಟರಲ್ಲಿ ಚನ್ನಮಲ್ಲಪ್ಪ ಬಂದರು. ಬೈರಪ್ಪನವರ ಪಕ್ಷದಲ್ಲೇ ಮೂವತ್ತು ವರ್ಷ ಚಪ್ಪಲಿ ಸವೆಸಿದವರು. ಯಾವ ಫ್ಲೆಕ್ಸ್ ಆದರೂ ಸರಿ, ಮೊದಲ ಫೋಟೋ ತಮ್ಮದಿಲ್ಲದಿದ್ದರೆ ಅವರಿಗೆ ಆ ದಿನ ಊಟ ಸೇರುತ್ತಿರಲಿಲ್ಲ. “ಮೊದಲನೇ ಜಾಗ ಯಾವುದಮ್ಮ? ಅಲ್ಲಿ ನನ್ನ ಹಾಕು,” ಎಂದರು. ಗುರುದೇವಿ ಎಡತುದಿಯ ಕೋತಿಗೆ ಅವರ ಮುಖ ಹಾಕಿದಳು. ಬೈರಪ್ಪ ಮುಸಿಮುಸಿ ನಕ್ಕರು.

ಚನ್ನಮಲ್ಲಪ್ಪ ಕನ್ನಡಕ ಏರಿಸಿ ಒಂದು ನಿಮಿಷ ನೋಡಿದರು. “ನಗೋದ್ಯಾಕಪ್ಪ? ಇದೇನು ಕೋತೀನಾ? ಸಾಕ್ಷಾತ್ ಆಂಜನೇಯಸ್ವಾಮಿ! ಸಮುದ್ರ ಹಾರಿದವನು. ಅವನಿಗಿಂತ ಬಲಿಷ್ಠ ಯಾರಿದಾರೆ ಹೇಳು?” ಎಂದು ಪರದೆಗೆ ಕೈ ಮುಗಿದೇ ಬಿಟ್ಟರು.

ಬೈರಪ್ಪನವರ ನಗು ಇಂಗಿಹೋಯಿತು. ಬಲಿಷ್ಠನ ಜಾಗ ಕಣ್ಣೆದುರೇ ಕೈತಪ್ಪುತ್ತಿತ್ತು. “ಹಂಗಾದ್ರೆ ಅಲ್ಲಿ ನಾನೇ ಅಲ್ವಾ ಇರ್ಬೇಕಾದ್ದು?” ಎಂದರು. ಅಲ್ಲಿಂದ ಒಂದು ಗಂಟೆ ಕೋತಿಯ ಜಾಗಕ್ಕೆ ಕಿತ್ತಾಟ ನಡೆಯಿತು. ಫೋನಿನಲ್ಲಿ ಹುಡುಗರೂ ಸೇರಿಕೊಂಡರು. ಕಡೆಗೆ ಬೈರಪ್ಪ ಕೋತಿಯಾದರು, ಚನ್ನಮಲ್ಲಪ್ಪ ಮುಕ್ಕಾಲು ಕೋತಿಯಾದರು, ಮಿಕ್ಕವರು ಹಿರಿತನದ ಪ್ರಕಾರ ಉಳಿದ ಬಾಲವನ್ನು ಹಂಚಿಕೊಂಡರು.

“ಸರ, ಮನುಷ್ಯಾನ ಜಾಗಾ ಖಾಲಿ ಉಳೀತ್ರೀ,” ಎಂದಳು ಗುರುದೇವಿ.

ಸಾಲಿನ ತುದಿಗೆ, ಬಾಲವೂ ಇಲ್ಲದೆ ನಿಲ್ಲುವುದು ಯಾರಿಗೆ ಬೇಕಾಗಿದೆ? ಆಗ ಬೈರಪ್ಪನವರ ಕಣ್ಣು ಮಿನುಗಿತು. “ಆ ವೆಂಕಟಗಿರೀನ ಹಾಕು ಅಲ್ಲಿ. ಮಾನ ಹೋಗ್ಲಿ ನನ್ಮಗಂದು!” ಆ ಖುಷಿಯಲ್ಲೇ ಆದೇಶವನ್ನು ಹೊರಗೆಳೆದು ಸಹಿ ಗೀಚಿ ಕೊಟ್ಟರು. ಗುರುದೇವಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅವ್ವನಿಗೆ ಫೋನ್ ಮಾಡಿ, ಸೋಮವಾರದಿಂದ ನಾನು ಟೀಚರು ಎಂದಳು.

ಮರುದಿನ ಬೆಳಿಗ್ಗೆ ಗುರುದೇವಿಗೆ ಪೊಲೀಸ್ ಠಾಣೆಯಿಂದ ಕರೆ ಬಂತು. ಹೋಗಿ ನೋಡಿದರೆ ಇನ್‌ಸ್ಪೆಕ್ಟರ್ ಎದುರು ವೆಂಕಟಗಿರಿ ಕುದಿಯುತ್ತಾ ಕೂತಿದ್ದರು. “ನಾನು ಸಿದ್ಧಾಂತದಲ್ಲಿ ಇರುವೆ ಸಾರ್. ಇಪ್ಪತ್ತು ವರ್ಷದಿಂದ ಇರುವೆ. ನನ್ನ ಮನುಷ್ಯ ಅಂತ ನಡುರಸ್ತೇಲಿ ತೋರ್ಸಿದಾರಲ್ಲ, ನಮ್ ಕಾರ್ಯಕರ್ತರು ಸುಮ್ನಿರ್ತಾರಾ?” ಬೈರಪ್ಪ ಆಗಲೇ ಫೋನಿನಲ್ಲಿ, ಡಿಸೈನ್ ಎಲ್ಲಾ ಆ ಹುಡುಗೀದೇ ಸಾರ್ ಎಂದು ಕೈ ತೊಳೆದುಕೊಂಡಿದ್ದರು.

“ಸೋಮವಾರ ಸಾಲಿಗಿ ಟೀಚರಾಗಿ ಹಾಜರಾಗಬೇಕ್ರೀ ಸರ. ಕೇಸಾತಂದ್ರ ಆದೇಶ ಹರದ ಒಗೀತಾರ್ರೀ.” ಗುರುದೇವಿ ಕೈ ಮುಗಿದಳು.

“ಹಂಗಾದ್ರೆ ಒಂದು ಮುಚ್ಚಳಿಕೆ ಬರ್ಕೊಟ್ಟು ಹೋಗಮ್ಮ,” ಎಂದು ಇನ್‌ಸ್ಪೆಕ್ಟರ್ ಬಿಳಿ ಹಾಳೆ ತಳ್ಳಿದರು. “ತಪ್ಪಾಯ್ತು, ಅವ್ರು ಹಂಗಲ್ಲ ಅಂತ ಬರಿ. ಅಷ್ಟೇ.”

ಬ್ಯಾಗಿನೊಳಗಿನ ಆದೇಶವನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಗುರುದೇವಿ ದುಂಡಾಗಿ ಬರೆದಳು. “ಶ್ರೀ ವೆಂಕಟಗಿರಿಯವರು ಮನುಷ್ಯರಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ. ಇನ್ನು ಮುಂದೆ ಅವರನ್ನು ಎಲ್ಲಿಯೂ ಮನುಷ್ಯರೆಂದು ತೋರಿಸುವುದಿಲ್ಲ.” ಕೆಳಗೆ ಸಹಿ ಹಾಕಿದಳು.

ವೆಂಕಟಗಿರಿ ಎರಡು ಸಲ ಓದಿದರು. ಮುಖ ತಣ್ಣಗಾಯಿತು. ಆದರೂ ಒಂದು ಅನುಮಾನ ಉಳಿದಿತ್ತು. “ಎಲ್ಲಾ ಸರಿ. ಇದನ್ನ ಹೇಳೋಕೆ ನಿನಗೇನಮ್ಮ ಅಧಿಕಾರ?”

ಗುರುದೇವಿ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು, ಸಹಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಎಂ.ಎಸ್ಸಿ., ಪ್ರಾಣಿಶಾಸ್ತ್ರ.