ಹಿಮದಲ್ಲಿಟ್ಟ ದುರ್ಬೀನು

"ಇದರೊಳಗೂ ಮಂಜು ಕಟ್ಟಿದೆ," ಎಂದು ತುರ್ಗುನ್‌ಬೈ ಮೂರನೆಯ ದುರ್ಬೀನನ್ನೂ ಅಂಗಡಿಯ ಮೇಜಿನ ಮೇಲಿಟ್ಟ. ಬಂದೂಕಿಗೆ ಕೂರಿಸುವ ಅಗ್ಗದ ದುರ್ಬೀನನ್ನು ನಾರಿನ್‌ ಊರಿನ ಬೇಟೆಗಾರರು ಪರೀಕ್ಷಿಸುವುದೇ ಹೀಗೆ. ಬಕೆಟ್ಟಿನ ಹಿಮದಲ್ಲಿ ಹೂತಿಟ್ಟು, ತೆಗೆದು ಒಲೆಯ ಪಕ್ಕ ಹಿಡಿದು, ಹೊರಗಾಜನ್ನು ಒರೆಸಿ ನೋಡುತ್ತಾರೆ. ಒಳಗೆ ಮಬ್ಬಾದರೆ ಬೇಡ.

"ತಾತಾ, ನನ್ನ ಸರಕಿನಲ್ಲೆಲ್ಲ ಕೊಂಕು ತೆಗೆದಿದ್ದಾಯ್ತು, ಚಹಾನಾದ್ರೂ ಒಪ್ಕೊಳ್ಳಿ," ಎಂದ ಅಂಗಡಿಯ ಎಮಿಲ್.

ಮುದುಕ ದುರ್ಬೀನನ್ನು ಸೊಸೆ ಬುರುಲ್‌ಳ ಕೈಗಿತ್ತ. "ನೀನೇ ನೋಡು ಮಗಳೇ. ತೋಳ ಕುರಿಹಟ್ಟಿ ತನಕ ಬಂದು ಹೋಗ್ತಿದೆ, ಇವನು ನಮಗೆ ಹೊಗೆ ಮಾರ್ತಿದ್ದಾನೆ."

ಬುರುಲ್ ಬಾಗಿಲಿಗೆ ಹೋಗಿ ಎದುರುಗುಡ್ಡದತ್ತ ದುರ್ಬೀನು ಹಿಡಿದಳು. ನೋಡಿದಳು, ಮತ್ತೂ ನೋಡುತ್ತ ನಿಂತಳು. ಮದುವೆಯಾಗಿ ಬಂದಾಗಿನಿಂದ ಅವಳು ಮಾವನಿಗೆ ಎದುರಾಡಿದವಳಲ್ಲ.

"ಹೌದು ಮಾವ. ಬರೀ ಮಂಜು."

"ಬರೀ ಮಂಜನ್ನ ಯಾರಾದ್ರೂ ಇಷ್ಟು ಹೊತ್ತು ನೋಡ್ತಾರಾ?" ಎಂದ ಮುದುಕ.

ಅವಳು ದುರ್ಬೀನನ್ನು ಕೆಳಗಿಳಿಸಿದಳು. ತುರ್ಗುನ್‌ಬೈ ಒಲೆಯ ಕಡೆ ಮುಖ ತಿರುಗಿಸಿಕೊಂಡೇ ಕೇಳಿದ: "ಗುಡ್ಡದ ಮೇಲೆ ಏನಿದೆ?"

"ಒಂದು ಕೆಂಚು ಕುದುರೆ," ಎಂದಳು ಮೆಲ್ಲಗೆ. "ಹಣೇಲಿ ಬಿಳಿ ಬೊಟ್ಟು. ಕಿವಿ ಆಡಿಸ್ತಿದೆ."

ಮುದುಕ ಅಂಗೈಯಿಂದ ಕಣ್ಣುಗಳನ್ನು ಒತ್ತಿಕೊಂಡ. ಆಮೇಲೆ, "ಮೂರರಲ್ಲಿ ಯಾವುದು ಅಗ್ಗವೋ ಅದನ್ನೇ ಕೂರಿಸು," ಎಂದ.

ಎಮಿಲ್ ಮೇಜಿನ ಮೇಲೆ ತುರ್ಗುನ್‌ಬೈ ತಂದಿಟ್ಟಿದ್ದ ಬಂದೂಕನ್ನೆತ್ತಿ, ಕಣ್ಣಿಗೂ ಗಾಜಿಗೂ ಇರಬೇಕಾದ ಅಂತರ ಅಳೆಯಲು ಎಂದಿನಂತೆ ಅದರ ಹಿಡಿಯನ್ನು ಮುದುಕನ ಭುಜದತ್ತ ಚಾಚಿದ. ತುರ್ಗುನ್‌ಬೈ ಅದನ್ನು ಹಿಡಿದು ನಿಧಾನವಾಗಿ ಬಾಗಿಲಿನ ಕಡೆ ತಿರುಗಿಸಿದ.

"ನನ್ನ ಅಳತೆ ಬೇಡ. ಅವಳ ಭುಜಕ್ಕೆ ಕೊಡು."